ಭಂಗಿ ಗಿಡದ ಮೇಲಿನ ಭಸ್ಮ

"ಗುರುಗಳೇ, ತಿಳಿದವನು ಒಂದು ಮಾತನ್ನು ಒಮ್ಮೆ ಹೇಳುತ್ತಾನೆ. ಎದುರಿನವನು ಒಪ್ಪುವುದಿಲ್ಲ. ಆಮೇಲೆ ತಿಳಿದವನು ಸುಮ್ಮನಾದರೆ ಅವನ ಕರ್ತವ್ಯ ಮುಗಿದಂತೆಯೇ?"

ಹೀಗೆ ಕೇಳಿದವನು ಕಲ್ಲಿನಾಥ. ಅವನು ಮಠಕ್ಕೆ ಬಂದು ಎರಡು ವರ್ಷವಾಗಿತ್ತು. ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿಗೆ ಮೂಳೆಯ ನೋವು. ಕೂತರೂ ನೋವು, ಮಲಗಿದರೂ ನೋವು. ನೋವಿಗಿಂತ ಹೆಚ್ಚಾಗಿ ಅವಳನ್ನು ಸವೆಸಿದ್ದು ನಿದ್ದೆ ಇಲ್ಲದಿರುವುದು. ಒಬ್ಬ ವೈದ್ಯ ಬಂದು ನೋಡಿದ. ಈ ರೋಗ ವಾಸಿಯಾಗುವುದಿಲ್ಲ, ಆದರೆ ನಿದ್ದೆಗೆ ದಾರಿಯಿದೆ ಎಂದ. ಭಂಗಿ ಸೊಪ್ಪನ್ನು ತುಪ್ಪದಲ್ಲಿ ಹುರಿದು, ಹಾಲಿನಲ್ಲಿ ಅರೆದು, ಕಡಲೆಕಾಳಿನಷ್ಟು ಉಂಡೆ ಮಾಡಿ ಸಂಜೆ ಕೊಡಲು ಹೇಳಿದ.

ಅವಳು ನಿದ್ದೆ ಮಾಡಿದಳು. ಮರುದಿನ ಬಿಸಿಲೇರಿದ ಮೇಲೆ ಎದ್ದು ಗಂಡನಿಗೆ ಹೇಳಿದಳು: "ಅತ್ತೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಎದ್ದವಳನ್ನು ತವರಿಗೆ ಅಟ್ಟುತ್ತಿದ್ದರು." ಹೇಳಿ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು.

ವೈದ್ಯನ ಬಳಿ ಸೊಪ್ಪು ಹೆಚ್ಚು ಇರಲಿಲ್ಲ. ಸಂತೆಯ ಸೊಪ್ಪಿನಲ್ಲಿ ಏನೇನೋ ಬೆರೆಸಿರುತ್ತಾರೆ, ಅದನ್ನು ಕೊಡಬೇಡ ಎಂದ. ಒಂದು ಹಿಡಿ ಬೀಜ ಕೊಟ್ಟು, ಹಿತ್ತಿಲಿನಲ್ಲಿ ನೀನೇ ಬೆಳೆದುಕೋ ಎಂದ. ನೇಕಾರ ಬೀಜ ಊರಿದ. ಆರು ಗಿಡ ಎದ್ದವು. ಅವುಗಳ ಎಲೆ ಬಲಿಯುವವರೆಗೆ ವೈದ್ಯ ತನ್ನಲ್ಲಿದ್ದ ಸೊಪ್ಪನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟ.

ಇಲ್ಲಿ ನೇಕಾರರ ಕೆಲಸದ ಬಗ್ಗೆ ಒಂದು ವಿಷಯ ತಿಳಿದಿರಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಕುಣಿಮಗ್ಗಕ್ಕೆ, ಎಂದರೆ ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗಕ್ಕೆ, ಗಾಳಿ ಆಗುವುದಿಲ್ಲ. ಒಣಗಾಳಿ ಬಡಿದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು ಹರಿಯುತ್ತವೆ. ಆದ್ದರಿಂದ ನೇಕಾರರು ಕಿಟಕಿ ಮುಚ್ಚುತ್ತಾರೆ, ನೆಲಕ್ಕೆ ನೀರು ಚಿಮುಕಿಸುತ್ತಾರೆ, ಮನೆಯನ್ನು ತೇವವಾಗಿ ಇಡುತ್ತಾರೆ. ನೂಲಿಗೆ ಅದು ಸರಿ.

ಈ ನೇಕಾರ ಗಿಡವನ್ನೂ ನೂಲಿನಂತೆ ಸಾಕಿದ. ಆರು ಗಿಡಗಳನ್ನು ಗೇಣಿಗೊಂದರಂತೆ ಒತ್ತಾಗಿ ನಿಲ್ಲಿಸಿದ. ಮೂರು ಕಡೆ ತಟ್ಟಿ ಕಟ್ಟಿ ಗಾಳಿ ತಡೆದ. ಪ್ರತಿ ಸಂಜೆ ಎಲೆಗಳ ಮೇಲೆ ನೀರು ಚಿಮುಕಿಸಿದ. ಅವನಿಗೆ ಹೆಂಡತಿಯ ಮೇಲೆ ಪ್ರೀತಿ ಇತ್ತು. ಪ್ರೀತಿ ಇಲ್ಲದವನು ಇಷ್ಟೊಂದು ಮಾಡುತ್ತಿರಲಿಲ್ಲ, ಗಿಡವನ್ನು ಅದರ ಪಾಡಿಗೆ ಬಿಡುತ್ತಿದ್ದ. ಬಿಟ್ಟಿದ್ದರೆ ಗಿಡ ಉಳಿಯುತ್ತಿತ್ತು.

ಕಾರ್ತಿಕ ಮಾಸ ಬಂತು. ಹಗಲು ಬೆಚ್ಚಗೆ, ಬೆಳಗಿನ ಜಾವ ತಣ್ಣಗೆ. ಒಂದು ಸೋಮವಾರ ಕೆಳಗಿನ ಎಲೆಯೊಂದರ ಮೇಲೆ ಬಿಳಿ ಮಚ್ಚೆ ಕಂಡಿತು. ಮುಟ್ಟಿದರೆ ಬೆರಳಿಗೆ ಪುಡಿ ಅಂಟಿತು. ಭಂಗಿ ಶಿವನ ಗಿಡ ಎಂದು ಆ ಊರಿನವರು ನಂಬಿದ್ದರು. ಅದರ ಮೇಲೆ ಬಿಳಿ ಪುಡಿ. ಅದೂ ಕಾರ್ತಿಕ ಸೋಮವಾರ. ನೇಕಾರ ಕೈ ಮುಗಿದು ನಿಂತ. ಹೆಂಡತಿಗಾಗಿ ಹೊತ್ತ ಹರಕೆ ಶಿವನಿಗೆ ಮುಟ್ಟಿತು, ಅವನೇ ಬಂದು ಭಸ್ಮ ಉದುರಿಸಿ ಹೋದ ಎಂದುಕೊಂಡ. ಒಳಗೆ ಹೋಗಿ ಆ ಪುಡಿಯನ್ನು ಹೆಂಡತಿಯ ಹಣೆಗೆ ಹಚ್ಚಿದ.

ಪಕ್ಕದ ಮನೆಯಲ್ಲಿ ಸೌತೆಕಾಯಿ ಬೆಳೆಯುವವನೊಬ್ಬ ಇದ್ದ. ಗೋಡೆಯ ಆಚೆಯಿಂದ ಎಲೆ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು.

"ಅಣ್ಣಾ, ಇದು ಬೂದಿ ರೋಗ. ನನ್ನ ಸೌತೆ ಬಳ್ಳಿಗೂ ಹೀಗೇ ಬರುತ್ತದೆ. ಈಗಿನ್ನೂ ಎರಡು ಎಲೆಗೆ ಬಂದಿದೆ. ಚಿವುಟಿ ಸುಟ್ಟುಬಿಡು. ತಟ್ಟಿ ಬಿಚ್ಚು, ಗಾಳಿ ಆಡಲಿ. ನಡುವಿನ ಎರಡು ಗಿಡ ಕಿತ್ತರೆ ನಾಲ್ಕು ಉಳಿಯುತ್ತವೆ. ನೀರನ್ನು ಬೆಳಿಗ್ಗೆ ಬುಡಕ್ಕೆ ಹಾಕು, ಎಲೆಗೆ ಬೇಡ. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ, ಬಿಸಿಲು ಬಿದ್ದ ಮೇಲೆ ಎಲೆಯ ಎರಡೂ ಮಗ್ಗುಲಿಗೆ ಸಿಂಪಡಿಸು. ವಾರಕ್ಕೊಮ್ಮೆ ಮಾಡು, ಹೂ ಬರುವ ಮೊದಲೇ ಮಾಡು. ಹೂವಿಗೆ ಹತ್ತಿದರೆ ಮತ್ತೆ ದಾರಿಯಿಲ್ಲ."

ನೇಕಾರ ಅವನನ್ನು ಮೇಲಿನಿಂದ ಕೆಳಗೆ ನೋಡಿದ.

"ಸೌತೆಕಾಯಿಯ ಬುದ್ಧಿ ಸೌತೆಕಾಯಿಗೇ ಇರಲಿ ತಮ್ಮಾ. ನಿನ್ನ ಬಳ್ಳಿಗೆ ಬಂದರೆ ಅದು ರೋಗ. ಶಿವನ ಗಿಡಕ್ಕೆ ಬಂದರೂ ರೋಗವೇ? ಹೋದ ವರ್ಷ ನಿನ್ನ ಕಾಯಿ ಕಹಿಯಾದಾಗ ಬಾವಿಯ ನೀರನ್ನು ಬೈದವನು ನೀನು. ಈಗ ದೇವರನ್ನು ಬೈಯಲು ಬಂದಿದ್ದೀಯ."

ಅಲ್ಲಿ ನಿಂತಿದ್ದ ಇಬ್ಬರು ಹೆಂಗಸರು ನಕ್ಕರು. ಸೌತೆಯವನ ಮುಖ ಕೆಂಪಾಯಿತು. ಹೇಳುವುದನ್ನು ಹೇಳಿದ್ದೇನೆ, ಇನ್ನು ಇವನ ಹಣೆಬರಹ ಎಂದುಕೊಂಡು ಅವನು ತನ್ನ ಬಳ್ಳಿಗಳ ಕಡೆ ಹೋದ.

ಹತ್ತು ದಿನದಲ್ಲಿ ಆರು ಗಿಡವೂ ಬೆಳ್ಳಗಾದವು. ಊರಿನವರು ಸಾಲುಗಟ್ಟಿ ಬಂದರು. ಕಾಯಿ ಒಡೆದರು, ಪುಡಿಯನ್ನು ಹಣೆಗೆ ಹಚ್ಚಿಕೊಂಡರು. ಪಕ್ಕದ ಮನೆಯವನೇ ಬರಲಿಲ್ಲ ಎಂಬ ಮಾತು ಎದ್ದಿತು. ಆ ಮಾತಿಗೆ ಅಂಜಿ ಸೌತೆಯವನೂ ಒಂದು ದಿನ ಮಿಂದು ಬಂದ. ಗಿಡಕ್ಕೆ ಕೈ ಮುಗಿದ. ರೋಗವೆಂದು ತಾನೇ ಹೇಳಿದ್ದ ಪುಡಿಯನ್ನು ಹಣೆಗೆ ಹಚ್ಚಿಕೊಂಡ.

ಹಿತ್ತಿಲ ಬಾಗಿಲಿನ ಒಳಗೆ ಮಂಚದ ಮೇಲೆ ನೇಕಾರನ ಹೆಂಡತಿ ಮಲಗಿದ್ದಳು. ಅವಳು ಅವನನ್ನು ಕರೆದಳು.

"ಅಣ್ಣಾ, ನೀನು ಗಿಡ ಬಲ್ಲವನು. ನಾಲ್ಕು ದಿನದಿಂದ ಉಂಡೆ ಮುಗ್ಗಲು ನಾರುತ್ತದೆ. ನುಂಗಿದರೆ ಕೆಮ್ಮು ಬರುತ್ತದೆ, ವಾಂತಿಯಾಗುತ್ತದೆ, ನಿದ್ದೆ ಹತ್ತುವುದಿಲ್ಲ. ಇವರನ್ನು ಕೇಳಿದರೆ ಪ್ರಸಾದ ಎನ್ನುತ್ತಾರೆ. ಎಲೆ ಚೆನ್ನಾಗಿದೆಯೇ?"

ನೇಕಾರ ಅಲ್ಲೇ ನಿಂತಿದ್ದ. ಹಿಂದೆ ಊರಿನವರಿದ್ದರು. ಸೌತೆಯವನು ಒಮ್ಮೆ ನಗೆಪಾಟಲಾಗಿದ್ದ. ಎರಡನೆಯ ಸಲ ಆಗಲು ಅವನಿಗೆ ಮನಸ್ಸಿರಲಿಲ್ಲ.

"ದೇವರದ್ದು ತಂಗೀ," ಎಂದ. "ಒಳ್ಳೆಯದೇ ಆಗುತ್ತದೆ."

ಅವಳು ಮತ್ತೆ ಕೇಳಲಿಲ್ಲ. ಗಿಡ ಬಲ್ಲವನೇ ಹೇಳಿದ ಮೇಲೆ ಇನ್ನು ಯಾರನ್ನು ಕೇಳುವುದು? ಸಂಜೆ ಉಂಡೆ ನುಂಗಿದಳು, ಕೆಮ್ಮಿದಳು.

ಎಂಟು ದಿನ ಕಳೆದು ವೈದ್ಯ ಬಂದ. ಅಷ್ಟರಲ್ಲಿ ಪುಡಿ ಹೂವಿಗೂ ಹತ್ತಿತ್ತು. ಎಲೆಗಳು ಹಳದಿಯಾಗಿ ಮುರುಟಿದ್ದವು. ವೈದ್ಯ ಒಂದು ಹೂವನ್ನು ಮೂಸಿ ಎಸೆದ. ಇದನ್ನು ಯಾರೂ ಒಳಗೆ ತೆಗೆದುಕೊಳ್ಳಬಾರದು, ತೊಳೆದರೂ ಹೋಗುವುದಿಲ್ಲ, ಒಣಗಿಸಿದರೂ ಹೋಗುವುದಿಲ್ಲ, ರೋಗಿಗಂತೂ ಇದು ವಿಷ ಎಂದ. ಆರು ಗಿಡವನ್ನೂ ಬೇರುಸಹಿತ ಕೀಳಿಸಿದ. ಹಿಂದಿನ ದಿನ ಅಡ್ಡಬಿದ್ದವರು ಈ ದಿನ ಮೂಗು ಮುಚ್ಚಿಕೊಂಡು ಅವನ್ನು ಊರ ಹೊರಗೆ ಒಯ್ದು ಸುಟ್ಟರು. ನಮಗೆ ಆಗಲೇ ಅನುಮಾನವಿತ್ತು ಎಂದು ಇಬ್ಬರು ಹೇಳಿದರು. ಅನುಮಾನವಲ್ಲ, ನಿಶ್ಚಯವಾಗಿ ತಿಳಿದಿದ್ದವನು ಏನೂ ಹೇಳಲಿಲ್ಲ.

ವೈದ್ಯನ ಬಳಿ ಐದು ದಿನಕ್ಕಾಗುವಷ್ಟು ಹಳೆಯ ಸೊಪ್ಪು ಇತ್ತು. ಅದನ್ನು ಕೊಟ್ಟ. ಆರನೆಯ ದಿನದಿಂದ ಏನೂ ಇರಲಿಲ್ಲ. ಮತ್ತೆ ಬೀಜ ಊರಿ ಎಲೆ ಬಲಿಯಲು ತಿಂಗಳುಗಳು ಬೇಕು. ಅಷ್ಟು ಕಾಲ ಅವಳಿಗೆ ನೋವು ಇತ್ತು, ನಿದ್ದೆ ಇರಲಿಲ್ಲ. ಮೊದಮೊದಲು ಗಂಡನನ್ನು ಕೇಳುತ್ತಿದ್ದಳು, ಮೊಳಕೆ ಎಷ್ಟು ಎತ್ತರವಾಯಿತು ಎಂದು. ಅವನು ಬೆರಳು ಅಗಲಿಸಿ ತೋರಿಸುತ್ತಿದ್ದ. ಸುಳ್ಳು ಹೇಳುವುದು ಬೇಡವೆಂದು ಅಳತೆಗಿಂತ ಹೆಚ್ಚು ಅಗಲಿಸುತ್ತಿರಲಿಲ್ಲ. ಆಮೇಲೆ ಅವಳು ಕೇಳುವುದನ್ನು ಬಿಟ್ಟಳು.

ಈ ಸಲ ಸೌತೆಯವನು ತಾನಾಗಿಯೇ ಬಂದ. ತಟ್ಟಿ ಬಿಚ್ಚಿದ. ಗಿಡದಿಂದ ಗಿಡಕ್ಕೆ ಒಂದು ಮಾರು ಬಿಟ್ಟು ನೆಡಿಸಿದ. ಬುಡದ ಕಡೆಯ ಎಲೆಗಳನ್ನು ಸವರಿ ಗಾಳಿಗೆ ದಾರಿ ಮಾಡಿದ. ಬೆಳಿಗ್ಗೆ ಬುಡಕ್ಕೆ ನೀರು ಹಾಕಿಸಿದ, ವಾರಕ್ಕೊಮ್ಮೆ ಹಾಲು ನೀರು ಹೊಡೆಸಿದ. ಗಿಡಗಳು ಎದೆಯೆತ್ತರ ಬೆಳೆದವು. ಒಂದು ಎಲೆಯ ಮೇಲೂ ಚುಕ್ಕೆ ಇರಲಿಲ್ಲ. ಅಂಥ ಭಂಗಿ ಗಿಡವನ್ನು ಆ ಊರು ನೋಡಿರಲಿಲ್ಲ. ಅಷ್ಟು ಹೊತ್ತಿಗೆ ಆ ಮನೆಯಲ್ಲಿ ಆ ಸೊಪ್ಪು ಬೇಕಾದವರು ಯಾರೂ ಉಳಿದಿರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಕಲ್ಲಿನಾಥನಿಗೆ ನೇಕಾರನ ಮೇಲೆ ಸಿಟ್ಟು ಬಂದಿತ್ತು. ಸೌತೆಯವನ ಮೇಲೆ ಅಷ್ಟು ಬಂದಿರಲಿಲ್ಲ. ಅವನು ಕೇಳಿದ:

"ಸೌತೆಯವನು ಆಮೇಲೆ ಅಂಜಿದ್ದು ನಿಜ. ಆದರೂ ಗುರುಗಳೇ, ಮೊದಲ ದಿನವೇ ಒಮ್ಮೆ ಸರಿಯಾಗಿ ಹೇಳಿದ್ದನಲ್ಲ?"

ಗುರುಗಳು ಹೇಳಿದರು:

"ಅವನು ಹೇಳಿದ್ದು ಗಂಡನಿಗೆ, ನೋವಿದ್ದದ್ದು ಹೆಂಡತಿಗೆ."