ಗಣಿಗೆ ಉಸಿರು ಕೊಟ್ಟ ಡಬ್ಬಿ ಹುಸೇನಪ್ಪ

ಬಹಳ ಬಹಳ ಹಿಂದೆ ಕರಿಗುಂಡಿ ಅಂತ ಒಂದೂರು. ಊರ ಮೇಲಕ್ಕಿಂತ ಊರ ಕೆಳಗೇ ಜನ ಜಾಸ್ತಿ ಇರುತ್ತಿದ್ದರು ಅಂತಾರೆ, ಯಾಕಂದರೆ ಅದು ಚಿನ್ನದ ಗಣಿಯ ಊರು. ಗಣಿಯ ಬಾವಿ ಎಷ್ಟು ಆಳ ಅಂದರೆ, ಬೆಳಿಗ್ಗೆ ಹಾಕಿದ ಕಲ್ಲು ತಳ ಮುಟ್ಟಿದ ಸದ್ದು ಮಧ್ಯಾಹ್ನ ಉಣ್ಣೋ ಹೊತ್ತಿಗೆ ಕೇಳಿಸುತ್ತಿತ್ತು. ಸುಳ್ಳು ಅನ್ನೋರು ಅನ್ನಲಿ. ಈ ಕತೆಯನ್ನ ನನ್ನ ಹಾಗೆ ಹೇಳೋನು ಏಳು ಗಣಿ ಹುಡುಕಿದರೂ ಸಿಗೋದಿಲ್ಲ.

ಆ ಬಾವಿಯ ತಳದಲ್ಲಿ ಕೆಟ್ಟ ಗಾಳಿ ಇತ್ತು. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ನೀರಿನ ಹಾಗೆ ತಳದಲ್ಲಿ ತುಂಬಿಕೊಂಡಿರುತ್ತೆ. ಅದರೊಳಗೆ ಕಾಲಿಟ್ಟವನಿಗೆ ಮೊದಲು ದೀಪ ಸಣ್ಣಗಾಗುತ್ತೆ, ಆಮೇಲೆ ನಿದ್ದೆ ಬಂದ ಹಾಗಾಗುತ್ತೆ. ಕೂತವನು ಏಳೋದಿಲ್ಲ. ಅದನ್ನ ಅಳೆಯೋದಕ್ಕೆ ಹಿಂದಿನವರು ತಳದ ಗೋಡೆಗೆ ಒಂದು ಮಿಷನ್ನು ಬಿಗಿದಿದ್ದರು. ಆದರೆ ಅದರ ನಂಬರು ಕಾಣೋದು ತಳದಲ್ಲೇ. ಇಳೀಬಹುದೋ ಬ್ಯಾಡವೋ ಅಂತ ತಿಳಿಯಬೇಕಾದರೆ ಒಬ್ಬ ಇಳಿದೇ ನೋಡಬೇಕು. ಹಂಗೆ ನೋಡೋಕೆ ಹೋಗಿ ಮೂರು ಮಂದಿ ಅಲ್ಲೇ ಕೂತರು. ಮೂರನೆಯವನು ಹುಸೇನಪ್ಪನ ಅಣ್ಣ ಅಂತಾರೆ.

ಮುಂದೆ ಗಣಿಯವರು ಮೇಲೆ ಕಂಪ್ಯೂಟರ್ ತಂದಿಟ್ಟರು, ನೆಟ್‌ವರ್ಕಿನ ಕೇಬಲ್ಲನ್ನ ಬಾವಿಯೊಳಗೆ ಇಳಿಬಿಟ್ಟರು. ಆದರೆ ಮಿಷನ್ನು ಹಳೇದು. ಅದರ ಬೆನ್ನಿಗೆ ಒಂಬತ್ತು ಪಿನ್ನಿನ ಒಂದೇ ಬಾಯಿ. ನೆಟ್‌ವರ್ಕಿನ ಮಾತು ಅದಕ್ಕೆ ತಿಳಿಯದು, ಅದರ ಮಾತು ನೆಟ್‌ವರ್ಕಿಗೆ ತಿಳಿಯದು. ಆಗ ಗಣಿಯಲ್ಲಿ ವೈರಿನ ಕೆಲಸ ಮಾಡೋ ಹುಸೇನಪ್ಪ ಅಂಗೈ ಅಗಲದ ಒಂದು ಡಬ್ಬಿ ಹಿಡಕೊಂಡು ಬಂದ. ಡಬ್ಬಿಯ ಒಂದು ಕಡೆ ಹಳೇ ಮಿಷನ್ನಿನ ವೈರು, ಇನ್ನೊಂದು ಕಡೆ ನೆಟ್‌ವರ್ಕಿನ ಕೇಬಲ್. ಇದರ ಮಾತು ಅದಕ್ಕೆ, ಅದರ ಮಾತು ಇದಕ್ಕೆ ಮುಟ್ಟಿಸೋದೇ ಡಬ್ಬಿಯ ಕೆಲಸ.

ಓದಿದವರು ಇಂಥದೇ ಡಬ್ಬಿ ಇಟ್ಟುಕೊಂಡು ಮೂರು ದಿನ ಕೂತಿದ್ದರಂತೆ. ಮೇಲಿನ ಸ್ಕ್ರೀನಿನಲ್ಲಿ ಇರುವೆ ಹರಿದಾಡಿದಂಥ ಅಕ್ಷರ ಬಿಟ್ಟು ಇನ್ನೇನೂ ಬರಲಿಲ್ಲ. ಹುಸೇನಪ್ಪ ವೈರನ್ನ ಹಲ್ಲಲ್ಲಿ ಕಚ್ಚಿ, ಕಣ್ಣು ಮುಚ್ಚಿ, ಮಿಷನ್ನು ಎಷ್ಟು ವೇಗದಲ್ಲಿ ಮಾತಾಡುತ್ತೆ ಅಂತ ಹೇಳಿಬಿಟ್ಟ ಅಂತಾರೆ. ಡಬ್ಬಿಗೂ ಅದೇ ವೇಗ ಹಾಕಿದ. ಮಿಷನ್ನು ಮಾತಾಡೋ ವೈರನ್ನ ಡಬ್ಬಿ ಕೇಳೋ ಕಡೆಗೆ, ಡಬ್ಬಿ ಮಾತಾಡೋದನ್ನ ಮಿಷನ್ನು ಕೇಳೋ ಕಡೆಗೆ ಅಡ್ಡಡ್ಡ ಸೇರಿಸಿದ. ಡಬ್ಬಿಗೆ ನೆಟ್‌ವರ್ಕಿನಲ್ಲಿ ಅದರದೇ ಒಂದು ವಿಳಾಸ ಕೊಟ್ಟ. ಮೇಲೆ ನಂಬರು ಬಂತು. ನಾಲ್ಕು. ನಾಲ್ಕು ಅಂದರೆ ಗಾಳಿ ಒಳ್ಳೇದು, ನಂಬರು ಏರಿದಷ್ಟೂ ಕೆಟ್ಟದ್ದು.

ಎಲ್ಲರೂ ನಕ್ಕರು. ಅವನೊಬ್ಬ ನಗಲಿಲ್ಲ.

ಯಾಕಂದರೆ ಅವನಿಗೊಂದು ಭಯ ಇತ್ತು. ಕೆಳಗೆ ವೈರು ಕಡಿದು ಹೋದರೂ ಮೇಲಿನ ಸ್ಕ್ರೀನು ಕಡೇ ನಂಬರನ್ನೇ ಹಿಡಕೊಂಡು ಕೂತಿರುತ್ತೆ. ಸತ್ತವನ ಕಣ್ಣು ತೆರೆದೇ ಇರುತ್ತಲ್ಲ, ಹಂಗೆ. ಅದಕ್ಕೆ ಅವನು ಒಂದು ಕಟ್ಟಳೆ ಮಾಡಿದ. ಪಾಳಿ ಮುಗಿದ ಮೇಲೆ ಕಡೆಗೆ ಬರೋನು ಮಿಷನ್ನಿನ ಮೂತಿಗೆ ಒಮ್ಮೆ ಉಸಿರು ಊದಬೇಕು. ನಾವು ಬಿಟ್ಟ ಉಸಿರೂ ಒಂಥರಾ ಕೆಟ್ಟ ಗಾಳಿಯೇ, ನಂಬರು ಏರುತ್ತೆ, ಆಮೇಲೆ ಇಳಿಯುತ್ತೆ. ಅದು ಏರಿ ಇಳಿದಿದ್ದನ್ನ ನೋಡಿದ ಮೇಲೇ ಮೇಲಿನವರು ಕೇಜನ್ನ ಎತ್ತಬೇಕು. ಕೇಜು ಅಂದರೆ ಮನುಷ್ಯರನ್ನ ಇಳಿಸೋ ಎತ್ತೋ ಕಬ್ಬಿಣದ ಪಂಜರ.

ಗಣಿಯ ಮೇಸ್ತ್ರಿ ಅಮರಪ್ಪನಿಗೆ ಇದು ಸೇರಲಿಲ್ಲ. ಮಿಷನ್ನಿಗೆ ಮುತ್ತು ಕೊಟ್ಟು ಬರ್ತೀರೇನ್ರಲೇ ಅಂತ ದಿನಾ ಆಡಿಕೊಳ್ಳುತ್ತಿದ್ದ. ಅಲಾಯಿ ಹಬ್ಬ, ಅಂದರೆ ಮೊಹರಂ, ಬಂತು. ಹುಸೇನಪ್ಪ ನಾಲ್ಕು ದಿನ ಮುಂಚೆಯೇ ತನ್ನೂರಿಗೆ ಹೋದ. ಅವನ ಬೆನ್ನು ಮರೆಯಾದದ್ದೇ ತಡ, ಅಮರಪ್ಪ ಉಸಿರು ಊದೋದನ್ನ ನಿಲ್ಲಿಸಿದ. ಹಬ್ಬಕ್ಕೆ ಗಣಿ ಮೂರು ದಿನ ಬಂದ್. ಗಾಳಿ ಹಾಕೋ ಫ್ಯಾನೂ ಬಂದ್.

ಹಬ್ಬ ಮುಗಿದ ಮಾರನೇ ಬೆಳಿಗ್ಗೆ ನಲವತ್ತು ಮಂದಿ ಇಳಿಯೋಕೆ ನಿಂತಿದ್ದರು. ನಮ್ಮಜ್ಜ ಎಲ್ಲರಿಗಿಂತ ಮುಂದೆ. ಅವನ ಒಂದು ಕಾಲು ಆಗಲೇ ಕೇಜಿನಾಗಿತ್ತು. ಅಷ್ಟರಲ್ಲಿ ಹುಸೇನಪ್ಪ ಬಂದ, ಸ್ಕ್ರೀನು ನೋಡಿದ, ಹಂಗೇ ನಿಂತ. ನಾಲ್ಕು.

"ಮೇಸ್ತ್ರಿ, ಫ್ಯಾನ್ ನಿಂತು ಎಷ್ಟು ದಿನ ಆತು?"

"ಮೂರು."

"ಮೂರು ದಿನ ಗಾಳಿ ಇಲ್ಲ, ಆದ್ರೂ ನಾಕು ಹ್ಯಾಂಗ ಇರ್ತತಿ?"

ನಾಲ್ಕು ಇದ್ರ ಒಳ್ಳೇದ ಅಲ್ಲೇನಪಾ, ಹಬ್ಬದ ಊಟ ಇನ್ನೂ ಇಳದಿಲ್ಲೇನು ನಿನಗ, ಅಂದ ಅಮರಪ್ಪ. ಇನ್ನೊಂದು ದಿನ ಕೆಲಸ ನಿಂತರೆ ಮ್ಯಾನೇಜರು ತನ್ನನ್ನ ಮನೆಗೆ ಕಳಿಸ್ತಾನೆ, ನಂಬರು ಸುಳ್ಳು ಅಂತ ತೋರಿಸು, ಇಲ್ಲಾ ದಾರಿ ಬಿಡು ಅಂದ. ಹುಸೇನಪ್ಪ ನಮ್ಮಜ್ಜನ ರಟ್ಟೆ ಹಿಡಿದು ಹೊರಗೆ ಎಳೆದ. ತಾನು ಒಳಗೆ ನಿಂತ.

"ನಾ ಉಸಿರು ಕೊಡ್ತೀನಿ. ನಂಬರ್ ಅಲುಗಾಡಲಿಲ್ಲಂದ್ರ ಯಾರನ್ನೂ ಇಳಿಸಬ್ಯಾಡ್ರಿ. ನನ್ನ ತರಾಕೂ ಬ್ಯಾಡ."

ಕೇಜು ಇಳಿಯಿತು. ಇಳಿಯಿತು, ಇಳಿಯಿತು, ಇಳಿಯುತ್ತಲೇ ಇತ್ತು. ತಳ ಮುಟ್ಟಿದ ಗಂಟೆ ಒಂದು ಸಲ ಬಡಿಯಿತು. ನಲವತ್ತು ಮಂದಿ ಸ್ಕ್ರೀನಿನ ಮುಂದೆ. ನಾಲ್ಕು. ನಮ್ಮಜ್ಜ ಸ್ಕ್ರೀನಿಗೆ ಮೂಗು ತಾಗೋ ಹಾಗೆ ಬಗ್ಗಿದ. ನಾಲ್ಕು. ಅಮರಪ್ಪ ಸ್ಕ್ರೀನನ್ನ ಅಂಗೈಯಿಂದ ಬಡಿದ. ನಾಲ್ಕು.

ಆಮೇಲೆ ನಾಲ್ಕು ಹಾರಿ ಅರವತ್ತಾಯಿತು.

ಬಾವಿಯ ಬಾಯಿಗೆ ಹತ್ತಿರ ನಿಂತಿದ್ದವರೆಲ್ಲ ಹಿಂದೆ ಸರಿದರು. ಅದು ಕೆಟ್ಟ ಗಾಳಿ. ಮೂರು ದಿನದಿಂದ ತಳದಲ್ಲಿ ಕಾಯುತ್ತಾ ಕೂತಿದ್ದ ಗಾಳಿ. ಅಷ್ಟರಲ್ಲಿ ಅರವತ್ತು ಅರವತ್ತೆರಡಾಯಿತು. ಮತ್ತೆ ಅರವತ್ತು. ಮತ್ತೆ ಅರವತ್ತೆರಡು. ನಮ್ಮಜ್ಜನಿಗೆ ಮೊದಲು ತಿಳಿಯಿತು. ಅದು ಹುಸೇನಪ್ಪನ ಉಸಿರು. ಕೆಲವರು ಮೂರು ಸಲ ಅಂತಾರೆ, ಕೆಲವರು ಐದು ಅಂತಾರೆ. ನಮ್ಮಜ್ಜ ಎಣಿಸಿದ್ದು ಹನ್ನೊಂದು. ಆಮೇಲೆ ಅರವತ್ತು ಅರವತ್ತಾಗಿಯೇ ಉಳಿಯಿತು.

ಅಮರಪ್ಪ ಕೇಜು ಎತ್ತಿಸಿದ. ಬರಿದು. ಮತ್ತೆ ಇಳಿಸಿದ, ಮತ್ತೆ ಎತ್ತಿಸಿದ. ಏಳು ಸಲ ಇಳಿಸಿದರು, ಏಳು ಸಲವೂ ಬರಿದೇ ಬಂತು. ಫ್ಯಾನು ಹಚ್ಚಿದರು. ಎರಡು ದಿನ ಯಾರೂ ಮನೆಗೆ ಹೋಗಲಿಲ್ಲ. ನಂಬರು ಐವತ್ತೊಂಬತ್ತಾಯಿತು, ನಲವತ್ತಾಯಿತು, ಹತ್ತಾಯಿತು. ನಾಲ್ಕಾದ ಮೇಲೆ ನಮ್ಮಜ್ಜ ಮತ್ತು ಅಮರಪ್ಪ ಇಳಿದರು.

ಹುಸೇನಪ್ಪ ಮಿಷನ್ನಿನ ಕೆಳಗೆ ಗೋಡೆಗೆ ಒರಗಿ ಕೂತಿದ್ದ, ಮುಖ ಮಿಷನ್ನಿನ ಕಡೆಗೆ. ಪಕ್ಕದಲ್ಲಿ ಒಂದು ಇಲಿ ಸತ್ತು ಬಿದ್ದಿತ್ತು. ವೈರು ಕಡಿದದ್ದು ಅದೇ. ಕಡಿದ ಎರಡು ತುದಿಗಳನ್ನ ಅವನು ದೀಪದ ಬತ್ತಿ ಹೊಸೆದ ಹಾಗೆ ಹೊಸೆದು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಹಿಡಿದಿದ್ದ. ಉಸಿರು ಹೋಗಿ ಎರಡು ದಿನವಾದರೂ ಆ ಹಿಡಿತ ಬಿಟ್ಟಿರಲಿಲ್ಲ. ಇವರು ನಂಬಿ ಇಳಿದ ಆ ನಾಲ್ಕು ಅವನ ಬೆರಳುಗಳ ನಡುವಿಂದಲೇ ಮೇಲೆ ಬಂದದ್ದು. ಬೆರಳು ಬಿಡಿಸೋಕೆ ಇಬ್ಬರಿಗೂ ಧೈರ್ಯ ಸಾಲಲಿಲ್ಲ ಅಂತಾರೆ. ಪಕ್ಕದಲ್ಲಿ ಬೇರೆ ವೈರು ಜೋಡಿಸಿ, ಉಸಿರು ಊದಿ, ಆಮೇಲೆ ಬಿಡಿಸಿದರಂತೆ. ಊದಿದವನು ಅಮರಪ್ಪ.

ಇವತ್ತಿಗೂ ಕರಿಗುಂಡಿಯಲ್ಲಿ ಪಾಳಿ ಮುಗಿದರೆ ಕಡೆಯವನೊಬ್ಬ ತಳದಲ್ಲಿ ನಿಂತು ಮಿಷನ್ನಿಗೆ ಉಸಿರು ಕೊಡುತ್ತಾನೆ. ಮೇಲೆ ನಂಬರು ಏರಿ ಇಳಿಯೋ ತನಕ ಯಾರೂ ಕೂರೋದಿಲ್ಲ, ಯಾರೂ ಮಾತಾಡೋದಿಲ್ಲ. ಇಳಿದ ಮೇಲೆ ಸ್ಕ್ರೀನಿನ ಮುಂದಿನವನು ಬಾವಿಯ ಬಾಯಿಗೆ ಬಂದು ಬಗ್ಗಿ ಕೂಗುತ್ತಾನೆ. ಕೆಳಗಿರೋನು ಮಲ್ಲಪ್ಪನೋ, ದ್ಯಾವಣ್ಣನೋ, ಚಾಂದಪಾಷನೋ, ಯಾರೇ ಇರಲಿ, ಕೂಗೋ ಹೆಸರು ಒಂದೇ. ಅಷ್ಟು ಆಳಕ್ಕೆ ಅದು ಕೇಳಿಸೋದಿಲ್ಲ ಅಂತ ಕೂಗೋನಿಗೂ ಗೊತ್ತು.

"ಬಂತು, ಹುಸೇನಪ್ಪಾ. ನಿನ್ನ ಉಸಿರು ಬಂತು. ಮ್ಯಾಲ ಬಾ."

ಆಮೇಲೆ ಕೇಜು ಎತ್ತುತ್ತಾರೆ.