ಬೆಟ್ಟದ ಅಳಿಲು ಹಿಂತಿರುಗಿ ನೋಡುವುದೇಕೆ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ ಅದು. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿ ದಣಿದರೆ ಬಂಡೆಯ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿತ್ತು. ಮನುಷ್ಯರ ಮಾತು ಪ್ರಾಣಿಗಳಿಗೆ, ಪ್ರಾಣಿಗಳ ಮಾತು ಮನುಷ್ಯರಿಗೆ ತಿಳಿಯುತ್ತಿತ್ತು. ಹಾಗಂತ ಒಬ್ಬರ ಮಾತನ್ನು ಇನ್ನೊಬ್ಬರು ಕೇಳುತ್ತಿದ್ದರು ಅಂದುಕೊಳ್ಳಬೇಡ ಮಗೂ. ಅದು ಆಗಲೂ ಅಪರೂಪವೇ.

ಆ ಕಾಲದಲ್ಲಿ ಮುಗಿಲಬೆಟ್ಟ ಅಂತ ಒಂದು ಎತ್ತರದ ಬೆಟ್ಟವಿತ್ತು. ಅದರ ನೆತ್ತಿಯಲ್ಲಿ ದೊಡ್ಡ ಮರಗಳಿಲ್ಲ. ಹುಲ್ಲು, ಬಂಡೆ, ಗಾಳಿಗೆ ಬೆನ್ನು ಬಾಗಿಸಿಕೊಂಡ ಕುಳ್ಳ ಗಿಡಗಳು, ಅಷ್ಟೇ. ಅಲ್ಲೊಂದು ಬಂಡೆಯ ಸಂದಿಯಲ್ಲಿ ಪುಟ್ಟ ಅಳಿಲೊಂದು ವಾಸವಾಗಿತ್ತು.

ಅಂಥ ಪುಕ್ಕಲು ಜೀವ ಲೋಕದಲ್ಲೇ ಇರಲಿಲ್ಲ. ಹುಲ್ಲು ಅಲುಗಿದರೆ ಸಂದಿಗೆ ಓಡುತ್ತಿತ್ತು. ಮೋಡದ ನೆರಳು ಬಿದ್ದರೆ ಸಂದಿಗೆ ಓಡುತ್ತಿತ್ತು. ತನ್ನ ಬಾಲ ತನ್ನ ಬೆನ್ನಿಗೇ ತಗುಲಿದರೂ, ಅಯ್ಯೋ ಯಾರೋ ಮುಟ್ಟಿದರು ಅಂತ ಸಂದಿಗೆ ಓಡುತ್ತಿತ್ತು.

"ಇವತ್ತು ಏನು ತಿಂದೆ?" ಅಂತ ಗಾಳಿ ಕೇಳುತ್ತಿತ್ತು.

"ಏನೂ ಇಲ್ಲ. ಹೊರಗೆ ಯಾರೋ ಓಡಾಡುತ್ತಿದ್ದರು."

"ಅದು ನಾನೇ ಮಾರಾಯ," ಅನ್ನುತ್ತಿತ್ತು ಗಾಳಿ. ದಿನಾ ಇದೇ ಮಾತು, ದಿನಾ ಇದೇ ಉತ್ತರ.

ಬೆಟ್ಟದ ಆ ಕಡೆ ಒಂದು ಊರು, ಈ ಕಡೆ ಒಂದು ಊರು. ಈ ಕಡೆಯವರು ಬೆನ್ನಿಗೆ ಉಪ್ಪಿನ ಗಂಟು ಕಟ್ಟಿಕೊಂಡು ಬೆಟ್ಟ ಹತ್ತಿ ಇಳಿದು ಆ ಕಡೆಗೆ ಕೊಂಡೊಯ್ಯುತ್ತಿದ್ದರು. ನೆತ್ತಿಯಲ್ಲಿ ಒಂದು ಚಪ್ಪಟೆ ಕಲ್ಲು. ಅಲ್ಲಿ ಹೊರೆ ಇಳಿಸಿ, ಬುತ್ತಿ ಬಿಚ್ಚಿ, ಮನೆಯ ಕಷ್ಟಸುಖ ಮಾತಾಡಿಕೊಂಡು, ಬೆವರು ಆರಿದ ಮೇಲೆ ಏಳುತ್ತಿದ್ದರು. ಅಳಿಲು ಸಂದಿಯಲ್ಲಿ ಕೂತು ಎಲ್ಲರ ಮಾತನ್ನೂ ಕೇಳಿಸಿಕೊಳ್ಳುತ್ತಿತ್ತು. ಯಾರ ಹೆಜ್ಜೆ ಯಾವುದು ಅಂತ ಅದಕ್ಕೆ ಗೊತ್ತಿತ್ತು. ಆದರೆ ಒಂದು ದಿನವೂ ಹೊರಗೆ ಮುಖ ತೋರಿಸಿದ್ದಿಲ್ಲ.

ಉಪ್ಪು ಹೊರುವವರಲ್ಲಿ ಹೊನ್ನವ್ವ ಅಂತ ಒಬ್ಬಳಿದ್ದಳು. ಗಟ್ಟಿಗಿತ್ತಿ, ಬಾಯಿ ಸ್ವಲ್ಪ ಜೋರು. ಬೆನ್ನಿಗೆ ಉಪ್ಪು, ಎದೆಗೆ ಸೀರೆಯಲ್ಲಿ ಕಟ್ಟಿಕೊಂಡ ಕೂಸು ತುಂಗಿ, ಹೀಗೆ ಎರಡೂ ಹೊತ್ತುಕೊಂಡು ಬೆಟ್ಟ ಹತ್ತುತ್ತಿದ್ದಳು. ಉಂಡಾದ ಮೇಲೆ ಬುತ್ತಿಯ ಬಟ್ಟೆಯನ್ನು ಬಂಡೆಗಳ ಕಡೆಗೆ ಕೊಡವುತ್ತಿದ್ದಳು. "ಯಾರಾದರೂ ಇದ್ದರೆ ತಿನ್ನಿರಪ್ಪ," ಅನ್ನುತ್ತಿದ್ದಳು.

ಅವಳು ಅತ್ತ ಹೋದ ಮೇಲೆ, ಹೆಜ್ಜೆಯ ಸದ್ದು ಪೂರ್ತಿ ಅಡಗಿದ ಮೇಲೆ, ಅಳಿಲು ಮೆಲ್ಲಗೆ ಬಂದು ಆ ರೊಟ್ಟಿಯ ಚೂರುಗಳನ್ನು ಹೆಕ್ಕುತ್ತಿತ್ತು. ಅದು ಬೆಳೆದದ್ದೇ ಹೊನ್ನವ್ವನ ಬುತ್ತಿಯ ಚೂರಿನಲ್ಲಿ. ಇದು ಹೊನ್ನವ್ವನಿಗೆ ಗೊತ್ತಿರಲಿಲ್ಲ.

ತುಂಗಿಯೂ ಬೆಳೆದಳು. ಬೆಟ್ಟದ ಆ ಕಡೆಯ ಊರಿಗೆ ಮದುವೆಯಾಗಿ ಹೋದಳು. ಬಸುರಿಯಾದಳು.

ಮೊದಲ ಹೆರಿಗೆ ತವರಿನಲ್ಲಿ ಅಲ್ಲವೇ? ಹೊನ್ನವ್ವ ಮಗಳನ್ನು ಕರೆತರಬೇಕು ಅನ್ನುವಷ್ಟರಲ್ಲಿ ಮಳೆ ಹಿಡಿಯಿತು. ತುಂಬಿದ ಬಸುರಿ ಆ ಜಾರುವ ಬೆಟ್ಟ ಹತ್ತುವುದು ಹೇಗೆ? ಇವತ್ತು ಬಿಡುತ್ತದೆ, ನಾಳೆ ಬಿಡುತ್ತದೆ ಅಂತ ಕಾದದ್ದೇ ಆಯಿತು. ಕೊನೆಗೆ ಆ ಕಡೆಯಿಂದ ಬಂದ ಒಬ್ಬ ದಾರಿಹೋಕ ಹೊನ್ನವ್ವನ ಬಾಗಿಲಲ್ಲಿ ನಿಂತು ಹೇಳಿದ. "ನಿನ್ನ ಮಗಳಿಗೆ ದಿನ ತುಂಬಿದೆ ಕಣವ್ವ. ಅವ್ವ ಬರಲಿ, ಅವ್ವ ಬರಲಿ ಅಂತ ಒಂದೇ ಸಮ ಅಳುತ್ತಿದ್ದಾಳೆ."

ಹೊನ್ನವ್ವ ತುಂಗಿಯನ್ನು ಹೆತ್ತಾಗ ಅವಳ ತಾಯಿ ಇರಲಿಲ್ಲ. ಕೈ ಹಿಡಿದುಕೊಳ್ಳಲು ಯಾರೂ ಇಲ್ಲದೆ, ಮಂಚದ ಕಾಲು ಹಿಡಿದುಕೊಂಡು ಹೆತ್ತಿದ್ದಳು. ನನ್ನ ಮಗಳಿಗೆ ಆ ಗತಿ ಬರಬಾರದು ಅಂತ ಅವತ್ತೇ ಅಂದುಕೊಂಡಿದ್ದಳು.

ಬಾಣಂತಿಗೆ ಅಂತ ಅಂಟಿನುಂಡೆ ಕಟ್ಟಿಟ್ಟಿದ್ದಳು. ಕೊಬ್ಬರಿ, ಉತ್ತುತ್ತಿ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು. ಬಾಣಂತಿಗೆ ಕಟ್ಟಿದ ಉಂಡೆಯನ್ನು ಬಾಣಂತಿಗಿಂತ ಮೊದಲು ಯಾರೂ ಬಾಯಿಗಿಡಬಾರದು, ಅದು ಅವರ ಮನೆಯ ಪದ್ಧತಿ. ಕೈಗಂಟಿದ ಬೆಲ್ಲವನ್ನೂ ಹೊನ್ನವ್ವ ನೆಕ್ಕಿರಲಿಲ್ಲ, ತೊಳೆದುಕೊಂಡಿದ್ದಳು. ಉಂಡೆಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಬೆನ್ನಿಗೇರಿಸಿ, ಬೆಳಗಾಗುತ್ತಲೇ ಹೊರಟಳು.

ನೆತ್ತಿಗೆ ಬರುವ ಹೊತ್ತಿಗೆ ಮಂಜು ಕವಿದು ಕೂತಿತ್ತು. ಮೂರು ನಾಲ್ಕು ಹೆಜ್ಜೆ ಆಚೆಗೆ ಏನೂ ಕಾಣದು. ಹೊನ್ನವ್ವ ತಡವರಿಸಿಕೊಂಡು ಚಪ್ಪಟೆ ಕಲ್ಲನ್ನು ಹುಡುಕಿ, ಗಂಟು ಇಳಿಸಿದಳು. ದಾರಿ ಎಲ್ಲಿದೆ ನೋಡಿ ಬರೋಣ ಅಂತ ಗಂಟನ್ನು ಅಲ್ಲೇ ಬಿಟ್ಟು, ಕಾಲಿನಿಂದ ನೆಲ ತಡವುತ್ತ ಹೊರಟಳು. ಬಲಕ್ಕೆ ಹೋಗಬೇಕಿತ್ತು. ಅವಳು ಎಡಕ್ಕೆ ಹೋದಳು.

ಎಡಕ್ಕೆ ಹೋದರೆ ನೆಲ ಮುಗಿದು ಪ್ರಪಾತ.

ಅಳಿಲು ಸಂದಿಯಲ್ಲಿ ಕೂತೇ ಆ ಹೆಜ್ಜೆಗಳನ್ನು ಕೇಳಿಸಿಕೊಂಡಿತು. ಹೊನ್ನವ್ವನ ಹೆಜ್ಜೆ. ಹೋಗಬಾರದ ಕಡೆ ಹೋಗುತ್ತಿದೆ.

"ಮಂಜೇ, ಮಂಜೇ, ಸ್ವಲ್ಪ ಎದ್ದೇಳು. ಹೊನ್ನವ್ವ ದಾರಿ ತಪ್ಪುತ್ತಿದ್ದಾಳೆ."

"ಯಾವ ಹೊನ್ನವ್ವ?" ಅಂದಿತು ಮಂಜು. "ನನಗೂ ಏನೂ ಕಾಣುತ್ತಿಲ್ಲ. ಮೈಯೆಲ್ಲ ಒದ್ದೆ. ಗಾಳಿ ಬಂದು ಎಬ್ಬಿಸಿದರೆ ಏಳುತ್ತೇನೆ."

ಗಾಳಿ ಕಣಿವೆಗೆ ಇಳಿದು ಹೋಗಿತ್ತು. ಅಳಿಲು ತಾನೇ ಕೂಗಿತು. "ಅವ್ವಾ, ಆ ಕಡೆ ಬೇಡ."

ಜೀವಮಾನದಲ್ಲಿ ಒಮ್ಮೆಯೂ ಕೂಗದವರ ಗಂಟಲು ಹೇಗಿರುತ್ತದೆ ಹೇಳು. ಹುಲ್ಲಿನ ತುದಿಯಿಂದ ಹನಿ ಬಿದ್ದಷ್ಟು ಸದ್ದಾಯಿತು. ಹೊನ್ನವ್ವ ಅದನ್ನು ಹನಿ ಅಂತಲೇ ತಿಳಿದಳು. ಇನ್ನೊಂದು ಹೆಜ್ಜೆ ಇಟ್ಟಳು.

ನನ್ನ ದನಿ ಅವಳಿಗೆ ಕೇಳುವುದಿಲ್ಲ, ಅಂದುಕೊಂಡಿತು ಅಳಿಲು. ಅವಳಿಗೆ ಏನು ಕೇಳುತ್ತದೆ? ಯಾವುದಕ್ಕೆ ಅವಳು ತಿರುಗುತ್ತಾಳೆ? ಕಲ್ಲಿನ ಮೇಲಿನ ಗಂಟಿನಿಂದ ಬೆಲ್ಲದ ವಾಸನೆ ಬರುತ್ತಿತ್ತು. ಅಳಿಲು ಕಣ್ಣು ಮುಚ್ಚಿಕೊಂಡು ಸಂದಿಯಿಂದ ಒಂದೇ ನೆಗೆತಕ್ಕೆ ಗಂಟಿನ ಮೇಲೆ ಬಿದ್ದು, ಹಲ್ಲಿನಿಂದ ಬಟ್ಟೆಯನ್ನು ಪರ್ರನೆ ಹರಿಯಿತು.

ಹೊನ್ನವ್ವ ಗಕ್ಕನೆ ನಿಂತಳು. ಮಗಳ ಗಂಟು ಹರಿದ ಸದ್ದು ಯಾವ ತಾಯಿಗೆ ಕೇಳುವುದಿಲ್ಲ? ತಿರುಗಿ ಓಡಿಬಂದು ನೋಡಿದರೆ, ಪುಟ್ಟ ಅಳಿಲೊಂದು ತನಗಿಂತ ದಪ್ಪನೆಯ ಅಂಟಿನುಂಡೆಯನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿದೆ.

"ಎಲಾ ಕಳ್ಳಾ," ಅಂದಳು ಹೊನ್ನವ್ವ. "ಬಾಣಂತಿಯ ಉಂಡೆ ಅದು. ಅವಳಿಗಿಂತ ಮೊದಲು ಯಾರೂ ತಿನ್ನಬಾರದು. ಇಡು ಕೆಳಗೆ."

ಅಳಿಲು ಓಡಿತು. ಹೊನ್ನವ್ವ ಗಂಟನ್ನು ಬಾಚಿಕೊಂಡು ಬೆನ್ನಟ್ಟಿದಳು. ಅದು ಸ್ವಲ್ಪ ದೂರ ಓಡಿ, ನಿಂತು, ಹಿಂತಿರುಗಿ ನೋಡಿತು. ಬರುತ್ತಿದ್ದಾಳಾ? ಬರುತ್ತಿದ್ದಾಳೆ. ಮತ್ತೆ ಓಡಿತು. ಮತ್ತೆ ನಿಂತಿತು. ಹಿಂತಿರುಗಿ ನೋಡಿತು. ಬರುತ್ತಿದ್ದಾಳಾ? ಬರುತ್ತಿದ್ದಾಳೆ.

"ನಿಂತು ನಿಂತು ಅಣಕಿಸುತ್ತೀಯಾ? ನಿನ್ನ ಬಾಲ ಕಿತ್ತು ಕಸಪೊರಕೆ ಮಾಡುತ್ತೇನೆ ಇರು." ಹೊನ್ನವ್ವ ಒಂದು ಕಲ್ಲು ಎತ್ತಿ ಬೀಸಿದಳು. ಕಲ್ಲು ಅಳಿಲಿನ ಕಿವಿಯ ಪಕ್ಕದಲ್ಲೇ ಹೋಯಿತು. ಹುಲ್ಲು ಅಲುಗಿದರೆ ಓಡುತ್ತಿದ್ದ ಜೀವ ಅದು. ನಡುಗುತ್ತ ಅಲ್ಲೇ ನಿಂತಿತು, ಅವಳು ಹತ್ತಿರ ಬರುವವರೆಗೂ.

ಹೀಗೇ ಬೈಯುತ್ತ, ಏದುಸಿರು ಬಿಡುತ್ತ, ಜಾರುತ್ತ ಹೊನ್ನವ್ವ ಅದರ ಹಿಂದೆ ಇಳಿದಳು. ಮಂಜು ತೆಳ್ಳಗಾಯಿತು. ಕೆಳಗೆ ಹೆಂಚು ಕಂಡಿತು, ಹೊಗೆ ಕಂಡಿತು. ತುಂಗಿಯ ಊರು.

ಅಳಿಲು ಉಂಡೆಯನ್ನು ಒಂದು ಎಲೆಯ ಮೇಲಿಟ್ಟು, ಹಿಂದೆ ಸರಿದು ಕೂತಿತು. ಹೊನ್ನವ್ವ ಉಂಡೆ ಎತ್ತಿ ನೋಡಿದಳು. ಕಚ್ಚಿ ಹಿಡಿದ ಹಲ್ಲಿನ ಗುರುತು ಬಿಟ್ಟರೆ ಒಂದು ಚೂರೂ ಕಡಿಮೆಯಾಗಿರಲಿಲ್ಲ.

ಅಷ್ಟರಲ್ಲಿ ಗಾಳಿ ಕಣಿವೆಯಿಂದ ಎದ್ದು ಬಂದು ಮಂಜನ್ನು ಸರಿಸಿತು. "ಹೊನ್ನವ್ವಾ, ಒಂದ್ಸಲ ಮೇಲೆ ನೋಡು," ಅಂದಿತು.

ಅವಳು ನೋಡಿದಳು. ಚಪ್ಪಟೆ ಕಲ್ಲು ಅಷ್ಟು ದೂರದಲ್ಲಿ ಕಂಡಿತು. ಅದರ ಎಡಕ್ಕೆ, ತಾನು ಹೋಗುತ್ತಿದ್ದ ಕಡೆ, ಬೆಟ್ಟವೇ ಇರಲಿಲ್ಲ. ಹೊನ್ನವ್ವ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತಳು.

"ಕಳ್ಳ ಅಂದೆನಲ್ಲೋ ನಿನ್ನನ್ನ," ಅಂದಳು. "ಕಲ್ಲು ಎಸೆದೆನಲ್ಲೋ." ಬಿಕ್ಕಿ ಬಿಕ್ಕಿ ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು, ಆ ಉಂಡೆಯನ್ನು ಎರಡು ಹೋಳು ಮಾಡಿದಳು. ಒಂದನ್ನು ಅಳಿಲಿನ ಮುಂದೆ ಹಿಡಿದಳು.

"ಬಾಣಂತಿಗಿಂತ ಮೊದಲು ಯಾರೂ ತಿನ್ನಬಾರದಂತೆ," ಅಂದಿತು ಅಳಿಲು ಮೆಲ್ಲಗೆ.

"ಯಾರೋ ತಿನ್ನಬಾರದು. ನೀನು ಯಾರೋ ಅಲ್ಲವಲ್ಲ. ತಿನ್ನು."

ಅಳಿಲು ಮೊದಲ ಸಲ ಮನುಷ್ಯರ ಕೈಯಿಂದ ತಿಂದಿತು. ಹೊನ್ನವ್ವ ಅದರ ಬೆನ್ನು ಸವರಿ ಹೇಳಿದಳು. "ಇನ್ನು ಮೇಲೆ ಬೆನ್ನಿಗೆ ಗಂಟು ಕಟ್ಟಿಕೊಂಡು ಬೆಟ್ಟ ಹತ್ತಿದವರು ಯಾರೇ ಆಗಲಿ, ನನ್ನ ಕಡೆಯವರು ಅಂದುಕೋ. ಹೆದರಬೇಡ. ಹತ್ತಿರ ಹೋಗು, ಗಂಟಿನೊಳಗೆ ಕೈ ಹಾಕು. ನಿನ್ನ ಪಾಲು ಅದರಲ್ಲಿ ಇರುತ್ತದೆ."

ಹೊನ್ನವ್ವ ಹೊಸ್ತಿಲು ದಾಟಿದಾಗ ತುಂಗಿ ನೋವಿನಲ್ಲಿ ಮಂಚದ ಕಾಲು ಹಿಡಿದುಕೊಂಡಿದ್ದಳು. ಅವ್ವ ಆ ಕೈಯನ್ನು ಬಿಡಿಸಿ ತನ್ನ ಕೈಗೆ ತೆಗೆದುಕೊಂಡಳು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಕೂಸು ಅತ್ತಿತು. ಹಲ್ಲಿನ ಗುರುತಿದ್ದ ಅರ್ಧ ಉಂಡೆಯನ್ನೇ ಬಾಣಂತಿ ಮೊದಲು ತಿಂದಳು.

ಅಲ್ಲಿಂದಾಚೆಗೆ ಆ ಕಲ್ಲಿನ ಮೇಲೆ ಕಳೆದ ಮಧ್ಯಾಹ್ನಗಳು ಎಷ್ಟು ಚೆನ್ನಾಗಿದ್ದವು ಅಂತೀಯ. ಹೊನ್ನವ್ವ ಬಂದಾಗಲೆಲ್ಲ ಅಳಿಲು ಓಡಿಬಂದು ಗಂಟು ಬಿಚ್ಚುತ್ತಿತ್ತು. ಒಂದು ಚೂರು ಕಚ್ಚಿಕೊಂಡು ಸ್ವಲ್ಪ ದೂರ ಓಡಿ, ನಿಂತು, ಹಿಂತಿರುಗಿ ನೋಡುತ್ತಿತ್ತು. "ಎಲಾ ಕಳ್ಳಾ," ಅಂತ ಅವಳು ಸುಳ್ಳುಸುಳ್ಳೇ ಬೆನ್ನಟ್ಟುತ್ತಿದ್ದಳು. ಮೊಮ್ಮಗಳು ಕಲ್ಲಿನ ಮೇಲೆ ಕೂತು ನಗುತ್ತಿದ್ದಳು. ಗಾಳಿ ಕೂಡ ಆ ಹೊತ್ತಿಗೆ ಬೇರೆಲ್ಲೂ ಹೋಗುತ್ತಿರಲಿಲ್ಲ.

ಆಮೇಲೆ ಹೊನ್ನವ್ವನ ಮಂಡಿಗಳು ಸೋತವು. ಒಂದು ಮಳೆಗಾಲ ಅವಳು ಬರಲಿಲ್ಲ. ಇನ್ನೊಂದು ಮಳೆಗಾಲವೂ ಬರಲಿಲ್ಲ.

"ಗಾಳೀ, ನೀನು ಕೆಳಗೆ ಹೋಗಿದ್ದೆಯಲ್ಲ, ಹೊನ್ನವ್ವ ಕಂಡಳಾ?" ಅಂತ ಅಳಿಲು ಕೇಳಿತು.

ಗಾಳಿ ಕಂಡಿತ್ತು. ಅವಳ ಮನೆಯ ಕಿಟಕಿಯಿಂದ ಒಳಗೆ ಹೋಗಿ, ಕೊನೆಯ ದಿನ ಅವಳ ಹಣೆಯ ಕೂದಲನ್ನು ಸರಿಸಿ ಬಂದದ್ದೂ ಅದೇ. ಆದರೆ ಆ ಪುಟ್ಟ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ.

"ಕಂಡಳು," ಅಂದಿತು. "ಗಂಟು ಕಟ್ಟಿಕೊಂಡು ಹೊರಟಿದ್ದಾಳೆ. ವಯಸ್ಸಾಯಿತಲ್ಲ, ನಿಧಾನಕ್ಕೆ ಬರುತ್ತಿದ್ದಾಳೆ."

ಅಳಿಲು ಆ ಮಾತನ್ನು ತನ್ನ ಮಕ್ಕಳಿಗೆ ಹೇಳಿತು. ಮಕ್ಕಳು ಮೊಮ್ಮಕ್ಕಳಿಗೆ ಹೇಳಿದವು. ಉಪ್ಪು ಹೊರುವ ಕಾಲ ಹೋಯಿತು, ಆ ಚಪ್ಪಟೆ ಕಲ್ಲಿಗೆ ಪಾಚಿ ಹಿಡಿಯಿತು. ಈಗ ಬಣ್ಣಬಣ್ಣದ ಚೀಲ ಬೆನ್ನಿಗೇರಿಸಿಕೊಂಡು ನಿನ್ನಂಥವರು ಬೆಟ್ಟ ಹತ್ತುತ್ತೀರಿ.

ಚೀಲ ಇಳಿಸಿ ಉಸ್ಸಪ್ಪಾ ಅಂತ ಕೂತಾಗ ಅಳಿಲೊಂದು ಹೆದರಿಕೆಯಿಲ್ಲದೆ ಬಂದು ಜಿಪ್ಪಿನ ಸಂದಿಗೆ ಮೂತಿ ತೂರಿಸಿದರೆ ಗದರಬೇಡ ಮಗೂ, ಅದು ತನ್ನ ಪಾಲು ಹುಡುಕುತ್ತಿದೆ. ಒಂದು ಚೂರು ಕಚ್ಚಿಕೊಂಡು ಸ್ವಲ್ಪ ದೂರ ಓಡಿ, ನಿಂತು, ಹಿಂತಿರುಗಿ ನಿನ್ನ ಮುಖವನ್ನೇ ನೋಡುತ್ತದಲ್ಲ, ಹೊನ್ನವ್ವ ಬಂದಳಾ ಅಂತ ಅದು ಇವತ್ತಿಗೂ ನೋಡುತ್ತಿದೆ.