ಅರ್ಧ ತೇಗಿಗೆ ಅರ್ಧ ಎದ್ದವರು

ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಕೇಳಬೇಡಿ, ಹೇಳಿದರೆ ಊಟಕ್ಕೆ ಹೊರಟುಬಿಡ್ತೀರಿ, ತುಂಬರಾಜ ಅಂತ ಒಬ್ಬ ಅರಸ ಇದ್ದ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ತೇಗು ಬೇಕು. ಪಂಕ್ತಿಯಲ್ಲಿ ಅರಸ ತೇಗೋ ತನಕ ಯಾರೂ ಎಲೆ ಬಿಟ್ಟು ಏಳೋ ಹಾಗಿಲ್ಲ. ಅದು ಆ ಊರಿನ ಪದ್ಧತಿ.

ಒಂದು ದಿನ ಊರಿಗೆಲ್ಲ ಅರಮನೆಯಲ್ಲಿ ಊಟ. ಪಾಯಸ ಆಯ್ತು, ಮಜ್ಜಿಗೆ ಆಯ್ತು, ತೇಗು ಬರಲಿಲ್ಲ. ಕೂತರು. ಎಂಜಲು ಕೈ ಒಣಗಿತು. ಕೂತರು. ಕೈ ತುರಿಸೋಕೆ ಶುರುವಾಯ್ತು. ಕೂತೇ ಇದ್ದರು.

ಆಗ ಕಿಟಕಿಯಲ್ಲಿ ಪಕ್ಕದ ಮನೆಯವಳ ಕೂಗು: "ಚೌಡವ್ವಾ, ನಿನ್ ಮಗಳಿಗೆ ನೋವು ಶುರುವಾಯ್ತು, ಬೇಗ ಬಾ!"

ಪಂಕ್ತಿಯ ತುದಿಯಲ್ಲಿದ್ದ ಸೂಲಗಿತ್ತಿ ಚೌಡವ್ವ ಅರಸನ ಕಡೆ ತಿರುಗಿದಳು. ಊರಿನ ಹೆರಿಗೆಯನ್ನೆಲ್ಲ ಮಾಡಿಸಿದವಳು. ಈಗ ಸ್ವಂತ ಮಗಳದು, ಅದೂ ಚೊಚ್ಚಲು.

"ಏಳ್ಲಾ ಬುದ್ಧಿ?"

"ತೇಗು ಬಂದಿಲ್ಲ. ಕೂತ್ಕೊ," ಅಂದ ಅರಸ.

ಎಲೆಯ ಮೇಲಿದ್ದ ನಿಂಬೆಹೋಳು ಪಿಸುಗುಟ್ಟಿತು: "ಚೌಡವ್ವಾ, ನನ್ನನ್ನೂ ಅಡುಗೆ ಸೋಡಾನೂ ಅರಸನ ಹೊಟ್ಟೆಗೆ ಕಳಿಸು. ನಮ್ಮಿಬ್ಬರಿಗೂ ಆಗಿಬರಲ್ಲ."

ಬಡಿಸೋರ ಕೈಲಿ ಎರಡನ್ನೂ ಕಳಿಸಿದ್ದಾಯ್ತು. ಹೊಟ್ಟೆಯೊಳಗೆ ಭುಸ್ ಭುಸ್ ಅಂತ ಜಗಳ. ನೊರೆ ಎದ್ದಿತು. ಅರಸ "ಹೇ..." ಅಂದ. ಅಷ್ಟಕ್ಕೇ ನಿಂತಿತು.

ಮಂತ್ರಿ ಯೋಚಿಸಿ ಹೇಳಿದ: "ಇದು ಅರ್ಧ ತೇಗು. ಅರ್ಧ ತೇಗಿಗೆ ಅರ್ಧ ಏಳಬಹುದು."

ಊರೆಲ್ಲ ಅರ್ಧ ಎದ್ದಿತು. ಮಂಡಿ ಮಡಚಿ, ಬೆನ್ನು ಬಗ್ಗಿಸಿ, ಕೂತೂ ಇಲ್ಲ, ನಿಂತೂ ಇಲ್ಲ. ಆ ಕಷ್ಟ ಗೊತ್ತಾಗಬೇಕಾದರೆ ನೀವೂ ಹಾಗೇ ನಿಂತು ಕತೆ ಕೇಳಿ.

ಕಿಟಕಿಯಲ್ಲಿ ಮತ್ತೆ ಕೂಗು: "ಚೌಡವ್ವಾ, ನೋವು ಜಾಸ್ತಿ ಆಯ್ತು!"

ಅವಳ ಎಲೆಅಡಿಕೆ ಚೀಲದಲ್ಲಿದ್ದ ಪೆಪ್ಪರಮಿಂಟು ಬಾಯಿಬಿಟ್ಟಿತು: "ಅರಸನಿಗೆ ನನ್ನನ್ನ ನುಂಗಿಸಿ, ಮೇಲೆ ಗೋಲಿಸೋಡಾ ಕುಡಿಸು. ನನ್ನ ಮೈತುಂಬ ಸಣ್ಣ ಸಣ್ಣ ಗುಳಿ. ಸೋಡಾದ ಗಾಳಿ ಅಲ್ಲಿ ಬಂದು ಪಂಕ್ತಿಗೆ ಕೂರುತ್ತೆ. ಆಮೇಲೆ ಒಟ್ಟಿಗೇ ಏಳುತ್ತೆ."

"ಏಳೋಕೆ ಯಾರ ಅಪ್ಪಣೆ?"

"ಗಾಳಿಗೆ ಯಾರ ಅಪ್ಪಣೆ ಚೌಡವ್ವಾ?"

ಅರಸ ನುಂಗಿದ, ಕುಡಿದ. ಹೊಟ್ಟೆ ನಗಾರಿ ಆಯ್ತು. ಉಳಿದರ್ಧ ತೇಗು ಚೆಲ್ಲಿಹೋದೀತು ಅಂತ ಹೆದರಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡ. ಚೌಡವ್ವ ನೋಡಿದಳು. ಇವನು ಬಾಯಿ ತೆಗೆಯೋದು ಯಾವಾಗ, ನಾನು ಹೋಗೋದು ಯಾವಾಗ? ಅವಳಿಗೆ ಸಿಟ್ಟು ಬಂತು. ನೆಟ್ಟಗೆ ಎದ್ದು ನಿಂತಳು. ಎಲೆ ದಾಟಿ ನಡೆದಳು.

"ಏಯ್!" ಅಂತ ಅರಸ ಗಾಬರಿಯಿಂದ ಬಾಯಿ ತೆರೆದ. ಢರ್ರ್ರ್! ಹಪ್ಪಳ ಹಾರಿತು, ಮಂತ್ರಿಯ ಪೇಟ ಹಾರಿತು.

"ತೇಗಿಗೆ ಮುಂಚೆ ಎದ್ದಳು, ತಪ್ಪು!" ಅಂದ ಮಂತ್ರಿ.

"ಎದ್ದಿದ್ದಕ್ಕೇ ತೇಗು ಬಂತಲ್ಲಯ್ಯ!" ಅಂದ ಅರಸ. ವಾದ ಹತ್ತಿತು.

ಚೌಡವ್ವ ತಿರುಗಿ ನೋಡಲಿಲ್ಲ. ಓಡಿದಳು, ಕೈ ತೊಳೆದಳು, ಮಗಳ ಹತ್ತಿರ ಕೂತಳು.

"ಇಷ್ಟ್ ಹೊತ್ತು ಎಲ್ಲಿದ್ದೆ ಅವ್ವಾ?" ಮಗಳು ಅತ್ತಳು.

ಚೌಡವ್ವನಿಗೆ ನಾಚಿಕೆಯಾಯ್ತು. "ಕೂತಿದ್ದೆ ಕಣವ್ವಾ. ಸುಮ್ನೆ ಕೂತಿದ್ದೆ."

ಅಷ್ಟರಲ್ಲಿ ಕೂಸು ಅವಳ ಕೈಗೆ ಬಂತು, ಯಾರನ್ನೂ ಕೇಳದೆ.

ಇದರ ನೀತಿ ಏನಪ್ಪಾ ಅಂದ್ರೆ, ಏಳೋಕೆ ಬೇಕಾದ್ದು ಎರಡು ಕಾಲು. ಕತೆ ಮುಗೀತು. ಹೊರಡೋಕೆ ನನ್ನನ್ನೇನು ಕೇಳ್ತೀರಿ?